ಬೇವಿನೆಣ್ಣೆ ಸವರಿದ ಅಲಸಂದೆ

ದನ್ ಗೌರ, 3 ನವೆಂಬರ್ 1996

ಗೆಳತಿ ಬರೀರಾ,

ದಣಿವು ಹೇಗಿದೆ? ಚಳಿ ಹೇಗಿದೆ? ಮಗಳು ರಕಿಯಾ ಎಷ್ಟುದ್ದ ಬೆಳೆದಳು? ಅಗಾದೆಜ್‌ನ ಮರಳುಗಾಳಿ ನಿನ್ನ ಕಣ್ಣು ಕೆಡಿಸಿಲ್ಲ ತಾನೆ? ಇಲ್ಲಿ ನಮ್ಮನೆಯವರು ಕ್ಷೇಮ, ಅತ್ತೆ ಕ್ಷೇಮ, ಅತ್ತೆಯ ನಾಲಿಗೆಯಂತೂ ಬಹಳವೇ ಕ್ಷೇಮ.

ಅಲಸಂದೆ ಮನೆಗೆ ಬಂತು. ಅದರ ಬೆನ್ನಿಗೇ ಅಲ್ಹಾಜಿ ಶೈಬುವಿನ ಲಾರಿಯೂ ಬಂತು. ವರ್ಷವರ್ಷದ ಹಾಗೆ ಊರ ಮುಖಂಡರ ಮನೆ ಮುಂದೆ ಚಾಪೆ ಹಾಸಿಸಿಕೊಂಡು, ಕೋಲಾ ಕಾಯಿ ಅಗಿಯುತ್ತ ಕೂತ. ಅವನು ಹೇಳಿದ ಬೆಲೆಗೆ ನಾವು ಕೊಡಲೇಬೇಕು. ಅದು ಅವನಿಗೂ ಗೊತ್ತು, ನಮಗೂ ಗೊತ್ತು. ಇಟ್ಟುಕೊಂಡರೆ ಬೇಸಿಗೆ ಬರುವಷ್ಟರಲ್ಲಿ ಕಾಳೆಲ್ಲ ತೂತು ಬಿದ್ದು, ಗಡಿಗೆಗೆ ಕೈ ಹಾಕಿದರೆ ನುಸಿ ಮೊಣಕೈವರೆಗೆ ಹತ್ತುತ್ತದೆ. ಆಮೇಲೆ ಮಳೆಗಾಲದಲ್ಲಿ ನಮ್ಮ ಹೊಟ್ಟೆ ಖಾಲಿಯಾದಾಗ ಅದೇ ಕಾಳನ್ನು ಅವನೇ ತಂದು ನಮಗೇ ಮಾರುತ್ತಾನೆ.

ಈ ಸಲ ನಾನು ಕೊಡಲಿಲ್ಲ. ಎದುರಿಗೇ ಹೇಳಿದೆ.

"ಯಾಕಮ್ಮ ತಲಾತು? ಹುಳಗಳಿಗೆ ಮದುವೆ ಊಟ ಹಾಕಿಸ್ತೀಯಾ?" ಅಂದ.

"ಹಾಕಿಸೋದಾದ್ರೆ ನಿಮ್ಮನ್ನೂ ಕರೀತೀನಿ, ಅಲ್ಹಾಜಿ."

ಚಾಪೆಯ ಮೇಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ನಕ್ಕು ಹೇಳಿದ: "ಹೆಂಗಸ್ರ ಹಟ, ಅಲಸಂದೆ ಕಾಳು, ಎರಡೂ ಬೇಸಿಗೆ ದಾಟೋದಿಲ್ಲ ಬಿಡು."

ಆ ಮಾತು ನನ್ನ ಬೆನ್ನಲ್ಲಿ ಮುಳ್ಳಾಗಿ ಕೂತಿದೆ.

ಮಳೆಗಾಲದಲ್ಲಿ ತೆಸ್ಸಾವಾದ ಮಹಿಳಾ ಕೇಂದ್ರದಿಂದ ಒಬ್ಬ ಹುಡುಗಿ ಬಂದಿದ್ದಳು. ಬೇವಿನ ಬೀಜ ಕುಟ್ಟಿ, ಬಿಸಿನೀರು ಚಿಮುಕಿಸಿ, ನಾದಿ ನಾದಿ ಎಣ್ಣೆ ತೆಗೆಯುವುದನ್ನು ತೋರಿಸಿಕೊಟ್ಟಳು. "ಹುಳ ಕಾಳಿನ ಮೇಲೆ ಮೊಟ್ಟೆ ಅಂಟಿಸುತ್ತೆ ಅಕ್ಕಾ. ಮೇಲೆ ಎಣ್ಣೆ ಸವರಿಬಿಟ್ರೆ ಮೊಟ್ಟೆಗೆ ಉಸಿರು ಕಟ್ಟುತ್ತೆ" ಅಂದಳು. ಊರವರೆಲ್ಲ ಹೂಂ ಅಂದರು, ಮನೆಗೆ ಹೋಗಿ ಮರೆತರು. ನಾನು ಮರೆಯಲಿಲ್ಲ. ನನ್ನ ಜತೆ ಇಬ್ಬರು ಸೇರಿದರು. ಸೋರೆ ಬುರುಡೆಯಲ್ಲಿ ಕಾಳು ಹಾಕಿಕೊಂಡು, ಸೇರಿಗಿಷ್ಟು ಅಂತ ಎಣ್ಣೆ ಬಿಟ್ಟು, ಒಂದೊಂದು ಕಾಳೂ ಮಿರಮಿರ ಮಿಂಚುವವರೆಗೆ ಅಂಗೈಯಲ್ಲಿ ಹೊರಳಿಸಿದೆವು. ಗಡಿಗೆಗೆ ತುಂಬಿ ಬಾಯಿಗೆ ಮಣ್ಣು ಮೆತ್ತಿದೆವು. ಕೈ ಇನ್ನೂ ನಾರುತ್ತಿದೆ. ಈ ಕಾಗದವೂ ನಾರುತ್ತಿರಬೇಕು. ಮೂಗು ಮುಚ್ಚಿಕೊಂಡು ಓದು.

ನಮ್ಮನೆಯವರು ಏನೂ ಅನ್ನಲಿಲ್ಲ. ಕಾಗದ ಒಯ್ಯುವ ಬಸ್ಸಿನ ಇಲಿಯಾ ಅವಸರ ಮಾಡುತ್ತಿದ್ದಾನೆ.

ನಿನ್ನ ತಲಾತು


ಅಗಾದೆಜ್, 22 ಜನವರಿ 1997

ತಲಾತು,

ನಿನ್ನ ಕಾಗದ ಬಿಚ್ಚಿದ ಕೂಡಲೇ ರಕಿಯಾ "ಅಮ್ಮಾ, ಯಾರಿಗೋ ಕಜ್ಜಿ ಆಗಿದೆ" ಅಂದಳು. ಅಷ್ಟು ನಾತ! ಇಂಥದ್ದನ್ನು ಸವರಿದ ಅಲಸಂದೆಯನ್ನು ಯಾರೇ ಮೂಸುತ್ತಾರೆ?

ನಾನು ಸುಖವಾಗಿದ್ದೇನೆ. ಉಪವಾಸದ ತಿಂಗಳಾದ್ದರಿಂದ ಮಧ್ಯಾಹ್ನದ ವ್ಯಾಪಾರವಿಲ್ಲ, ಹೊತ್ತು ಮುಳುಗಿದ ಮೇಲೆ ಮಾತ್ರ. ಉಳಿದ ದಿನಗಳಲ್ಲಾದರೆ ಬಸ್ ನಿಲ್ದಾಣದ ಬೇಲಿಯ ಪಕ್ಕ ನನ್ನ ಅಲಸಂದೆ–ಅನ್ನದ ಪಾತ್ರೆಗೆ ಜನ ಮುತ್ತಿಗೆ ಹಾಕುತ್ತಾರೆ. ಮೊದಲ ಬಟ್ಟಲು ಯಾವಾಗಲೂ ಗಾಂಬೊ ತಾತನದು. ನಿಲ್ದಾಣದಲ್ಲಿ ಮೂಟೆ ಹೊರುವ ಮುದುಕ. ತಿನ್ನುತ್ತಾ ತಿನ್ನುತ್ತಾ, "ಉಪ್ಪು ಕಮ್ಮಿ, ನಿನ್ನ ಗಂಡ ಇದಕ್ಕೇ ಲಿಬಿಯಾಕ್ಕೆ ಓಡಿಹೋದ" ಅಂತ ರೇಗಿಸುತ್ತಾನೆ; ಬಟ್ಟಲನ್ನು ಮಾತ್ರ ನೆಕ್ಕಿಯೇ ಇಡುತ್ತಾನೆ. ನಮ್ಮನೆಯವರು ಲಾರಿಯ ಜತೆ ಲಿಬಿಯಾದ ಸೆಬ್ಹಾಕ್ಕೆ ಹೋಗಿದ್ದಾರೆ. ಹಬ್ಬಕ್ಕೆ ಬರುತ್ತಾರೆ.

ಇಲ್ಲಿ ಕಾಳು ನಿನ್ನ ಶೈಬುವಿನ ಉಗ್ರಾಣದಿಂದಲೇ ಬರುವುದು. ಅವನ ತಮ್ಮ ಯಾಹಾಯಾ ನೋಡಿಕೊಳ್ಳುತ್ತಾನೆ. ಬಿಳಿ ಪುಡಿ ಉದುರಿಸಿರುತ್ತಾರೆ, ಒಂದು ಹುಳವೂ ಕಾಣುವುದಿಲ್ಲ. ಮೂರು ನೀರಲ್ಲಿ ತೊಳೆದರೆ ಮುಗಿಯಿತು.

ನಿನ್ನ ಹಟ ಗೊತ್ತು. ಶಾಲೆಯಲ್ಲಿ ಮೇಷ್ಟ್ರ ಬೆತ್ತ ಮುರಿಯಿತೇ ಹೊರತು ನೀನು ಅಳಲಿಲ್ಲ. ಆದರೂ ಹೇಳುತ್ತೇನೆ, ಮನೆಯಲ್ಲಿ ಅತ್ತೆ ಇದ್ದಾರೆ, ಗಂಡ ಇದ್ದಾರೆ. ಕಾಳು ಕೊಟ್ಟುಬಿಡು. ಹುಳುಗಳ ಜತೆ ಜಗಳವಾಡಿ ಯಾರು ಗೆದ್ದಿದ್ದಾರೆ?

ನಿನ್ನ ಬರೀರಾ


ದನ್ ಗೌರ, 28 ಫೆಬ್ರವರಿ 1997

ಬರೀರಾ,

ಕೊಟ್ಟುಬಿಡು ಅಂತ ನೀನೂ ಬರೆದೆ. ಸರಿ.

ಎರಡು ಗಡಿಗೆ ಕೆಟ್ಟವು. ನಿನಗೆ ಸಂತೋಷವಾಗಲಿ ಅಂತ ಮೊದಲೇ ಹೇಳುತ್ತಿದ್ದೇನೆ. ಮಣ್ಣು ಒಡೆದು ನೋಡಿದರೆ ಎಣ್ಣೆಯೊಳಗೇ ನುಸಿ ಹರಿದಾಡುತ್ತಿತ್ತು. ನನ್ನ ಜತೆ ಸೇರಿದ್ದ ಇಬ್ಬರಲ್ಲಿ ಒಬ್ಬಳು ಅಲ್ಲೇ ಕೂತು ಅತ್ತಳು. ಬಾವಿಯ ಹತ್ತಿರ ಹೆಂಗಸರು, "ತಲಾತು ಹುಳಗಳಿಗೆ ತಲೆಗೆಣ್ಣೆ ಹಚ್ಚಿದಾಳೆ, ಇನ್ನು ಜಡೆ ಹಾಕ್ತಾಳಂತೆ" ಅಂತ ಹಾಡು ಕಟ್ಟಿದ್ದಾರೆ. ಹಾಡು ಚೆನ್ನಾಗಿದೆ. ನಾನೂ ಗುನುಗಿಕೊಳ್ಳುತ್ತೇನೆ.

ಎಲ್ಲಿ ತಪ್ಪಾಯಿತು ಅಂತ ಕೂತು ಯೋಚಿಸಿದೆ. ಕೆಟ್ಟದ್ದು ಯಾವ ಕಾಳು? ಕೊಯ್ದ ಮೇಲೆ ಬಹಳ ದಿನ ಮಾಡಿನ ಮೇಲೆಯೇ ಬಿಟ್ಟಿದ್ದ ಕಾಯಿಯದು. ಎಣ್ಣೆ ಹಚ್ಚುವ ಮೊದಲೇ ಮರಿಹುಳ ಕಾಳಿನ ಒಳಗೆ ಹೊಕ್ಕಿತ್ತು. ಹೊರಗಿನ ಮೊಟ್ಟೆಗೆ ಉಸಿರು ಕಟ್ಟಬಹುದು. ಒಳಗೆ ಕೂತು ಉಣ್ಣುವವನಿಗೆ ಎಣ್ಣೆ ಏನು ಮಾಡೀತು? ಕೊಯ್ದ ತಕ್ಷಣ ಬಿಡಿಸಿ ಎಣ್ಣೆ ಹಚ್ಚಿದ ಗಡಿಗೆಗಳು ಹಾಗೇ ಇವೆ, ಒಂದು ತೂತಿಲ್ಲ. ಕೆಟ್ಟದ್ದರಲ್ಲಿ ಉಳಿದದ್ದನ್ನು ಆರಿಸಿ, ಕಪ್ಪು ತಾಡಪಾಲಿನ ಮೇಲೆ ಸುಡು ಬಿಸಿಲಿಗೆ ಹರವಿ ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಮುಟ್ಟಿದರೆ ಕೈ ಸುಡುವಷ್ಟು ಕಾಯಿಸಿದೆ. ಆರಿದ ಮೇಲೆ ಮತ್ತೆ ಎಣ್ಣೆ.

ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ. ಕೊಡುವುದಿಲ್ಲ.

ತಲಾತು


ಅಗಾದೆಜ್, 9 ಏಪ್ರಿಲ್ 1997

ತಲಾತು,

ನಿನ್ನ ಗಡಿಗೆಗಳಲ್ಲಿ ಕಾಳು ಉಳಿದಿದೆಯೇ? ಉಳಿದಿದ್ದರೆ ಒಂದು ಚೀಲ ಇಲಿಯಾನ ಬಸ್ಸಿಗೆ ಹಾಕಿಸು. ಎಣ್ಣೆ ಸವರಿದ್ದೇ ಬೇಕು, ಬೇರೆಯದು ಬೇಡ. ಯಾಕೆ ಅಂತ ಈಗ ಕೇಳಬೇಡ.

ರಕಿಯಾ ಈಗ ಎದ್ದು ಕೂರುತ್ತಾಳೆ.

ಬರೀರಾ


ದನ್ ಗೌರ, 24 ಏಪ್ರಿಲ್ 1997

ಬರೀರಾ,

ನಿನ್ನ ಮೂರು ಸಾಲು ತಲುಪಿತು. ದಣಿವು ಹೇಗಿದೆ ಅಂತ ಕೇಳುವಷ್ಟೂ ಕಾಗದ ಇರಲಿಲ್ಲವೇನೋ. ರಕಿಯಾಗೆ ಜ್ವರ ಬಂದಿತ್ತೇ? ಬೇಸಿಗೆಯಲ್ಲಿ ಮಕ್ಕಳಿಗೆ ಬರುತ್ತದೆ. ಹುಣಸೆ ನೀರು ಕುಡಿಸು.

ಚೀಲ ಕಳಿಸಿದ್ದೇನೆ. ಕನಿಕರಕ್ಕೆ ಕೊಳ್ಳುತ್ತಿದ್ದೀಯೆ ಅಂತ ಗೊತ್ತಾಯಿತು. ಯಾರೂ ಮೂಸದ ಕಾಳು ತಲಾತುವಿನ ಮನೆಯಲ್ಲಿ ಕೊಳೆಯುತ್ತಿದೆ, ಗೆಳತಿಯಾದವಳು ಒಂದು ಚೀಲವಾದರೂ ಎತ್ತಬೇಕು ಅಂದುಕೊಂಡೆ ಅಲ್ಲವೇ? ನಿನ್ನ ಕನಿಕರ ಬೇಡ. ಇದು ಹಬ್ಬದ ಉಡುಗೊರೆ ಅಂತ ಇಟ್ಟುಕೋ. ನಿನ್ನ ಬಾಯಿಗೆ ಕಹಿಯಾದರೆ ಶೈಬುವಿನ ಬಿಳಿ ಪುಡಿಯ ಕಾಳು ಇದ್ದೇ ಇದೆ, ಮೂರು ನೀರಲ್ಲಿ ತೊಳೆದು ತಿನ್ನು.

ಬೇಸಿಗೆ ನಡುಮಧ್ಯಕ್ಕೆ ಬಂತು. ನನ್ನ ಗಡಿಗೆಗಳು ಇನ್ನೂ ನಿಂತಿವೆ.

ತಲಾತು


ಅಗಾದೆಜ್, 2 ಜೂನ್ 1997

ತಲಾತು,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು, ಆಮೇಲೆ ಅಳು. ಈಗ ಎಲ್ಲ ಬರೆಯುತ್ತೇನೆ. ಏಪ್ರಿಲ್‌ನಲ್ಲಿ ಬರೆಯಲು ಆಗಲಿಲ್ಲ.

ಮಾರ್ಚ್‌ನಲ್ಲಿ ಯಾಹಾಯಾನ ಉಗ್ರಾಣದಿಂದ ಹೊಸ ಚೀಲ ತಂದೆ. ಪುಡಿ ಉಂಡೆ ಉಂಡೆಯಾಗಿತ್ತು, ವಾಸನೆಯೂ ಬೇರೆ. ಕೇಳಿದರೆ, "ಪುಡಿ ಹೆಚ್ಚಿದ್ರೆ ನಿನಗೇನು ನಷ್ಟ? ಪುಕ್ಕಟೆ ಬಂತು ಅಂದ್ಕೊ. ತೊಳೆದ್ರೆ ಹೋಗುತ್ತೆ" ಅಂದ. ತೊಳೆದೆ ತಲಾತು. ನೀರು ತಿಳಿಯಾಗುವವರೆಗೆ ತೊಳೆದೆ. ಬೇಯಿಸಿ ಇಟ್ಟೆ. ಮೊದಲ ಬಟ್ಟಲು ಗಾಂಬೊ ತಾತನದು. ಆವತ್ತು ರಕಿಯಾ ಅವನ ಬಟ್ಟಲಿಗೇ ಕೈ ಹಾಕಿ ನಾಲ್ಕು ತುತ್ತು ತಿಂದಳು. "ಇವತ್ತು ಉಪ್ಪು ಸರಿಯಾಗಿದೆ ಕಣಮ್ಮ" ಅಂದ ತಾತ. ಅದೇ ಮೊದಲು, ಅದೇ ಕೊನೆ. ಸಂಜೆಗೆ ಇಬ್ಬರಿಗೂ ವಾಂತಿ ಶುರುವಾಯಿತು. ಬಾಯಲ್ಲಿ ನೊರೆ. ಇನ್ನೂ ಕೆಲವರಿಗೆ ಹಾಗೇ ಆಯಿತು, ಆಸ್ಪತ್ರೆಯವರು ಅವರನ್ನು ಉಳಿಸಿಕೊಂಡರು. ತಾತ ಮಾರನೆಯ ದಿನ ಹೋಗಿಬಿಟ್ಟ. ರಕಿಯಾ ಉಳಿದಳು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಯಾವ ಬಾಯಲ್ಲಿ "ಮೂರು ನೀರಲ್ಲಿ ತೊಳೆದರೆ ಮುಗಿಯಿತು" ಅಂತ ನಿನಗೆ ಬರೆದೆನೋ ಅದೇ ಬಾಯಲ್ಲಿ ದೇವರನ್ನು ಕರೆದೆ.

ಊರು ಏನಂದಿತು ಗೊತ್ತೇ? ಬರೀರಾಳ ಪಾತ್ರೆ ಕೊಳಕು. ಇನ್ನು ಕೆಲವರು, ಗಂಡ ಬಿಟ್ಟವಳು, ಏನು ಮದ್ದು ಹಾಕಿದಳೋ ಅಂದರು. ಸಂತೆಯ ಯಜಮಾನರು ನನ್ನ ಚಪ್ಪರ ಕೀಳಿಸಿದರು. ವಾರದ ಮೇಲೆ ಮನೆಗೇ ಬಂದರು, ಯಾಹಾಯಾ ಹಿಂದೆ ನಿಂತಿದ್ದ.

"ಪಾತ್ರೆ ಕಿಲುಬು ಹಿಡಿದಿತ್ತು ಅಂತ ಒಂದು ಮಾತು ಒಪ್ಕೊಂಡ್ಬಿಡು ಬರೀರಾ. ಜನ ಮರೀತಾರೆ. ಆಮೇಲೆ ಜಾಗ ಕೊಡ್ತೀನಿ."

"ಕಾಳು ಯಾರ್ದು ಯಜಮಾನ್ರೇ?"

"ಅದೇ ಕಾಳನ್ನ ಊರೆಲ್ಲ ತಿಂತಿದೆ."

"ಅದಕ್ಕೇ ಹೇಳ್ತಿರೋದು. ಒಪ್ಪೋದಿಲ್ಲ."

ಬಾಗಿಲು ಹಾಕಿಕೊಂಡೆ. ಅರ್ಧ ಉಳಿದ ಚೀಲ ಮನೆಯ ಮೂಲೆಯಲ್ಲಿತ್ತು. ನಿನ್ನ ಕಾಳು ಕೇಳಿದ್ದು ಆಗ. ಕನಿಕರವಂತೆ, ಮೂರ್ಖಿ!

ನಿನ್ನ ಚೀಲ ಬಂದ ವಾರ, ಶುಕ್ರವಾರ ದೊಡ್ಡ ಮಸೀದಿಯಿಂದ ಜನ ಹೊರಗೆ ಬರುವ ಹೊತ್ತಿಗೆ ಉಗ್ರಾಣದ ಬಾಗಿಲಲ್ಲಿ ಎರಡು ಒಲೆ ಹೂಡಿದೆ. ಒಂದು ಪಾತ್ರೆಯಲ್ಲಿ ನಿನ್ನ ಅಲಸಂದೆ, ಇನ್ನೊಂದರಲ್ಲಿ ಅವರದು. ಎರಡಕ್ಕೂ ಒಂದೇ ಬಾವಿಯ ನೀರು, ಎರಡೂ ಮೂರು ಸಲ ತೊಳೆದದ್ದು. ಕಿಲುಬಿನ ಮಾತೇ ಬರಬಾರದು ಅಂತ ಪಾತ್ರೆಗಳನ್ನು ಯಜಮಾನರ ಹೆಂಡತಿಯಿಂದಲೇ ಕೇಳಿ ತಂದಿದ್ದೆ. ಆಕೆ ಯಾಕೆ ಅಂತ ಕೇಳದೆ ಕೊಟ್ಟಳು. ಅರ್ಧಕ್ಕರ್ಧ ಊರು ಸೇರಿತು. ಗಾಂಬೊ ತಾತನ ಹೆಂಡತಿ, ಸೊಸೆ ಇಬ್ಬರೂ ಬಂದು ನನ್ನ ಬೆನ್ನಿಗೆ ನಿಂತರು.

ಯಾಹಾಯಾ ಹೊರಗೆ ಬಂದ. "ಏನಿದು ಗಲಾಟೆ?"

"ಗಲಾಟೆ ಏನೂ ಇಲ್ಲ, ಊಟ. ಇದು ನನ್ನ ಗೆಳತಿ ಕಾಳು, ಬೇವಿನೆಣ್ಣೆ ಹಚ್ಚಿದ್ದು. ನಾನು ತಿಂತೀನಿ. ಇದು ನಿಮ್ಮ ಕಾಳು. ನೀವು ತಿನ್ನಿ. ಒಂದೇ ಒಂದು ಬಟ್ಟಲು. ತಿಂದು ನೆಟ್ಟಗೆ ನಿಂತ್ರೆ, ನಾನೇ ಕೊಲೆಗಾತಿ ಅಂತ ಒಪ್ಕೊಂಡು ಇವತ್ತೇ ಊರು ಬಿಡ್ತೀನಿ."

"ನನಗೆ ಈಗಷ್ಟೇ ಊಟ ಆಯ್ತು."

"ಕಾಯ್ತೀನಿ. ಹಸಿವಾಗಲಿ."

ನಾನು ಕೂತು ತಿಂದೆ. ಕಹಿ ಇತ್ತು ತಲಾತು, ನಿನ್ನಾಣೆ ಸುಳ್ಳು ಹೇಳುವುದಿಲ್ಲ. ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರು ಬಂತು. ಬಟ್ಟಲು ಖಾಲಿ ಮಾಡಿ ಬೋರಲು ಹಾಕಿ ತೋರಿಸಿದೆ. ಯಾಹಾಯಾ ಅತ್ತ ನೋಡಿದ, ಇತ್ತ ನೋಡಿದ. "ಹೆಂಗಸಿನ ಮಾತಿಗೆ ನಾನ್ಯಾಕೆ ತಿನ್ಲಿ?" ಅಂದ. ಆಗ ಯಜಮಾನರೇ ಬಾಯಿಬಿಟ್ಟರು: "ಅವಳ ಮಾತಿಗೆ ಬೇಡ, ನನ್ನ ಮಾತಿಗೆ ತಿನ್ನು. ತೊಳೆದ್ರೆ ಹೋಗುತ್ತೆ ಅಂತ ನನ್ನ ಮುಂದೆ ಆಣೆ ಇಟ್ಟಿದ್ದೆಯಲ್ಲ."

ಅವನು ತಿನ್ನಲಿಲ್ಲ. ಬಟ್ಟಲು ಕೈಗೆ ತೆಗೆದುಕೊಂಡ, ಕೆಳಗಿಟ್ಟ. ಯಾರೋ ನಕ್ಕರು. ತಾತನ ಹೆಂಡತಿ ಮಾತ್ರ ನಗಲಿಲ್ಲ. ಅವನ ಮುಖವನ್ನೇ ನೋಡುತ್ತ, "ನನ್ನ ಗಂಡ ಕೇಳದೇ ತಿಂದ" ಅಂದರು. ಅಷ್ಟೇ.

ಪೊಲೀಸರು ಬಂದು ಚೀಲ ತೆಗೆದುಕೊಂಡು ಹೋದರು. ಅದು ಹತ್ತಿ ಹೊಲಕ್ಕೆ ಹೊಡೆಯುವ ಪುಡಿಯಂತೆ, ಕಾಳಿಗೆ ಹಾಕುವುದೇ ಅಲ್ಲವಂತೆ. ಯಾಹಾಯಾನನ್ನು ಕರೆದೊಯ್ದರು, ಬಿಟ್ಟರು. ಉಗ್ರಾಣ ಮತ್ತೆ ತೆರೆದಿದೆ. ಆದರೆ ಈಗ ಹೆಂಗಸರು ಚೀಲದೊಳಗೆ ಮೂಗು ಹಾಕದೆ ಕೊಳ್ಳುವುದಿಲ್ಲ. ನನಗೆ ನನ್ನ ಜಾಗ ಸಿಕ್ಕಿದೆ, ಒಪ್ಪಿಗೆಯ ಮಾತಿಲ್ಲದೆ. ಈಗ ನಾನು ವಡೆ ಮಾಡುತ್ತೇನೆ. ಕಾಳು ನೆನೆಸಿ, ಉಜ್ಜಿ, ಸಿಪ್ಪೆ ತೇಲಿಸಿಬಿಟ್ಟರೆ ನಿನ್ನ ಕಹಿಯೆಲ್ಲ ಸಿಪ್ಪೆಯ ಜತೆ ಹೋಗುತ್ತದೆ. ರುಬ್ಬಿ ಎಣ್ಣೆಗೆ ಬಿಟ್ಟರೆ ಉಬ್ಬಿ ಬರುತ್ತದೆ. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನ ಯಜಮಾನರ ಹೆಂಡತಿ ಬಂದು ನಿಂತೇ ತಿಂದಳು. ಈಗ ಸಾಲುತ್ತಿಲ್ಲ. ಇನ್ನೂ ಕಳಿಸು. ಇದು ಉಡುಗೊರೆಯಲ್ಲ, ವ್ಯಾಪಾರ.

ನಮ್ಮನೆಯವರು ಹಬ್ಬಕ್ಕೆ ಬರಲಿಲ್ಲ. ಹೋದ ಹಬ್ಬಕ್ಕೂ ಬಂದಿರಲಿಲ್ಲ. ಸೆಬ್ಹಾದಲ್ಲಿ ಬೇರೆ ಮನೆ ಇದೆ. ಗಾಂಬೊ ತಾತ ಹೇಳುತ್ತಿದ್ದದ್ದು ತಮಾಷೆಯಾಗಿರಲಿಲ್ಲ. ನಿನಗೆ ಹೇಳಲು ನಾಚಿಕೆಯಾಗಿತ್ತು.

ಇನ್ನು ನಿನ್ನ ಸರದಿ. ಚೀಲವನ್ನು ನಿನ್ನ ತವರುಮನೆ ಬಾಗಿಲಿಂದ ಹತ್ತಿಸಿಕೊಂಡೆ ಅಂದ ಇಲಿಯಾ. ನಿನ್ನ ಗಡಿಗೆಗಳು ತವರಿನಲ್ಲಿ ಏನು ಮಾಡುತ್ತಿವೆ, ತಲಾತು?

ಬರೀರಾ


ದನ್ ಗೌರ, 30 ಜೂನ್ 1997

ಬರೀರಾ, ನನ್ನ ಬರೀರಾ,

ಹುಣಸೆ ನೀರು ಕುಡಿಸು ಅಂತ ಬರೆದೆನಲ್ಲೇ. ನನ್ನ ಕೈಗೆ ಹುಳ ಬೀಳಲಿ. ರಕಿಯಾಳ ತಲೆ ಸವರಿ ನನ್ನ ಹೆಸರು ಹೇಳು. ತಾತನ ಹೆಂಡತಿಗೆ ಒಂದು ಪುಟ್ಟ ಗಡಿಗೆ ಬೇರೆ ಕಳಿಸಿದ್ದೇನೆ. ಇದಕ್ಕೆ ಶೇಂಗಾ ಎಣ್ಣೆ ಸವರಿದ್ದೇನೆ, ಕಹಿ ಇಲ್ಲ.

ಹೌದು, ತವರಿನಲ್ಲಿದ್ದೇನೆ. ಡಿಸೆಂಬರ್‌ನಿಂದ. ನಾನು ಕಾಳು ಕೊಡುವುದಿಲ್ಲ ಅಂದ ದಿನ ನಮ್ಮನೆಯವರು ಏನೂ ಅನ್ನಲಿಲ್ಲ, ನಿಜ. ತಿಂಗಳ ಮೇಲೆ ಅಂದರು. ಶೈಬುವಿನ ಆಳು ಚೀಲ ಹಿಡಿದು ಅಂಗಳಕ್ಕೇ ಬಂದಿದ್ದ.

"ಅಲ್ಹಾಜಿಗೆ ಮಾತು ಕೊಟ್ಟಿದೀನಿ. ಗಡಿಗೆ ಬಾಯಿ ಒಡಿ."

"ನಿಮ್ಮ ಹೊಲದ ಕಾಳಿಗೆ ನೀವು ಮಾತು ಕೊಡಿ. ಇದು ಮದುವೇಲಿ ನಿಮ್ಮಪ್ಪ ನನಗೆ ಬಿಟ್ಟುಕೊಟ್ಟ ಹೊಲದ್ದು."

"ಹಾಗಾದ್ರೆ ಗಡಿಗೆ ಜತೆ ನೀನೂ ನಡಿ."

ಸಿಟ್ಟಲ್ಲಿ ಅಂದರು, ನಾನು ನಿಜ ಮಾಡಿಬಿಟ್ಟೆ. ಅಪ್ಪನ ಕತ್ತೆಗಾಡಿ ತರಿಸಿ ಗಡಿಗೆಗಳನ್ನು ಹುಲ್ಲಿನ ನಡುವೆ ಕೂರಿಸಿದೆ. ಅತ್ತೆ ಬಾಗಿಲಲ್ಲಿ ನಿಂತು, "ಮಕ್ಕಳ ಹಾಗೆ ಕೂರಿಸ್ತಿದಾಳೆ ನೋಡಿ" ಅಂದರು. ನಿನಗೆ ಯಾಕೆ ಬರೆಯಲಿಲ್ಲ? ನೀನು ಸುಖವಾಗಿದ್ದೇನೆ ಅಂತ ಬರೆದಿದ್ದೆಯಲ್ಲ, ಅದಕ್ಕೆ.

ಬೇಸಿಗೆ ದಾಟಿತು. ಮೊದಲ ಮಳೆ ಬಿತ್ತು. ಗಡಿಗೆಯ ಬಾಯಿಯ ಮಣ್ಣು ಒಡೆದು ಮುಷ್ಟಿ ತುಂಬ ಕಾಳು ತೆಗೆದು ಬಾವಿಯ ಕಟ್ಟೆಯ ಮೇಲೆ ಸುರಿದೆ. ಹಾಡು ಕಟ್ಟಿದ್ದವರೇ ಒಂದೊಂದನ್ನೂ ತಿರುಗಿಸಿ ನೋಡಿದರು. ತೂತಿಲ್ಲ. "ಹಾಡು ಬದಲಾಯಿಸ್ಬೇಕಲ್ಲೇ" ಅಂದಳು ಒಬ್ಬಳು. "ಬದಲಾಯಿಸಿ, ರಾಗ ಮಾತ್ರ ಅದೇ ಇರ್ಲಿ" ಅಂದೆ. ನೀನು ಉಗ್ರಾಣದ ಬಾಗಿಲಲ್ಲಿ ಒಲೆ ಹೂಡಿದ ಕಾಗದವನ್ನೂ ಅಲ್ಲೇ ಗಟ್ಟಿಯಾಗಿ ಓದಿದೆ. ಬೇಜಾರು ಮಾಡಿಕೊಳ್ಳಬೇಡ, ಗಂಡನ ವಿಷಯ ಬಿಟ್ಟು ಓದಿದೆ. ಯಾಹಾಯಾ ಬಟ್ಟಲು ಕೆಳಗಿಟ್ಟ ಅಂದಾಗ ಯಾರೂ ನೀರು ಸೇದಲಿಲ್ಲ.

ಮಾರನೆಯ ದಿನದಿಂದ ಮಕ್ಕಳು ಮರಿಯೆಲ್ಲ ಬೇವಿನ ಮರದ ಕೆಳಗೆ ಹಣ್ಣು ಆರಿಸುತ್ತಿದ್ದಾರೆ.

ತಲಾತು


ದನ್ ಗೌರ, 16 ನವೆಂಬರ್ 1997

ಬರೀರಾ,

ದಣಿವು ಹೇಗಿದೆ? ಒಲೆ ಹೇಗಿದೆ? ರಕಿಯಾ ಹೇಗಿದ್ದಾಳೆ?

ಎಣ್ಣೆ ಸವರಿದ ಕಾಳು ಮೊಳೆಯುವುದಿಲ್ಲ ಅಂತ ಅತ್ತೆ ಊರೆಲ್ಲ ಹೇಳಿದ್ದರು. ಕೆಲವು ಮೊಳೆಯಲಿಲ್ಲ, ನಿಜ. ಅಲ್ಲಲ್ಲಿ ಗುಂಡಿ ಖಾಲಿ ಉಳಿಯಿತು, ಮತ್ತೆ ಬಿತ್ತಿದೆ. ಮುಂದಿನ ಸಲ ಬೀಜಕ್ಕೆ ಬೇರೆ ಇಡಬೇಕು. ತವರಿಂದ ದಿನಾ ಮಾವ ಕೊಟ್ಟ ಆ ಹೊಲಕ್ಕೆ ನಡೆದು ಹೋಗಿ ಕಳೆ ತೆಗೆದೆ. ಪಕ್ಕದ ಹೊಲದಲ್ಲಿ ನಮ್ಮನೆಯವರು ಇರುತ್ತಿದ್ದರು. ಮಾತಿಲ್ಲ. ಒಂದು ದಿನ ನನ್ನ ಬದುವಿನ ಮೇಲೆ ಸಜ್ಜೆ ಅಂಬಲಿಯ ಬುರುಡೆ ಇತ್ತು, ಇಟ್ಟವರು ಕಾಣಲಿಲ್ಲ. ಕುಡಿದು ತೊಳೆದು ಅಲ್ಲೇ ಇಟ್ಟು ಬಂದೆ.

ಶೈಬು ಬಂದ. ಲಾರಿ, ಚಾಪೆ, ಕೋಲಾ ಕಾಯಿ. ಮುಖಂಡರು ಡಂಗುರ ಹೊಡೆಸಿದರು. ಗಂಡಸರ ಕಾಳು ಒಂದಿಷ್ಟು ಬಂತು. ಹೆಂಗಸರು ಯಾರೂ ಬರಲಿಲ್ಲ. ಅವನೇ ಎದ್ದು ನಮ್ಮ ಅಂಗಳಕ್ಕೆ ಬಂದ. ನಾವು ಹನ್ನೊಂದೋ ಹನ್ನೆರಡೋ ಜನ ಕೂತು ಎಣ್ಣೆ ಸವರುತ್ತಿದ್ದೆವು.

"ಏನ್ರಮ್ಮಾ, ಎಲ್ಲರಿಗೂ ಹುಚ್ಚು ಹಿಡೀತಾ? ಎಣ್ಣೆ ಹಚ್ಚಿದ್ದನ್ನ ನಾನು ಕೊಳ್ಳೋದಿಲ್ಲ, ತಿಳ್ಕೊಳ್ಳಿ."

"ಕೊಳ್ಳಿ ಅಂತ ಯಾರು ಕರೆದ್ರು?" ಅಂದಳು, ಫೆಬ್ರವರಿಯಲ್ಲಿ ಕೂತು ಅತ್ತಿದ್ದಳಲ್ಲ, ಅವಳು.

"ಬೆಲೆ ಏರಿಸ್ತೀನಿ. ಹಚ್ಚದೇ ಇರೋದನ್ನ ಕೊಡಿ."

"ಅಲ್ಹಾಜಿ, ನಿಮ್ಮ ತಮ್ಮನಿಗೆ ಹಸಿವಾಯ್ತಾ? ಅಗಾದೆಜ್‌ನಲ್ಲಿ ಬಟ್ಟಲು ಇನ್ನೂ ಕಾಯ್ತಿದೆಯಂತೆ" ಅಂದೆ ನಾನು.

ಅವನ ಮುಖದಿಂದ ನಗು ಇಳಿಯಿತು. ತಿರುಗಿ ಲಾರಿಯತ್ತ ಹೋದ. ಲಾರಿ ಅರ್ಧ ಖಾಲಿ ಹೋಯಿತು. ಅವನು ಸುಮ್ಮನಿರುವುದಿಲ್ಲ, ಗೊತ್ತು. ಮುಖಂಡರ ಕಿವಿ ಊದುತ್ತಿದ್ದಾನೆ. ಊದಲಿ.

ನಿನ್ನೆ ನಮ್ಮನೆಯವರು ಬಂದರು. ಹಿರಿಯರನ್ನು ಕರೆದುಕೊಂಡು ಬರುತ್ತಾರೆ ಅಂದುಕೊಂಡಿದ್ದೆ, ಒಬ್ಬರೇ ಬಂದು ಅಪ್ಪನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತರು.

"ಮನೆಗೆ ಬಾ" ಅಂದರು.

"ಗಡಿಗೆ ಜತೆ ನಡಿ ಅಂದಿದ್ರಿ. ಗಡಿಗೆ ಜತೆಗೇ ಬರ್ತೀನಿ."

"ಬಾ."

"ಅದರ ಬಾಯಿಗೆ ಮಣ್ಣು ಮೆತ್ತೋದೂ ನಾನೇ, ಒಡೆಯೋದೂ ನಾನೇ."

"ಆಗ್ಲಿ" ಅಂದರು.

ಕತ್ತೆಗಾಡಿ ಕಟ್ಟುತ್ತೇನೆ ಅಂದ ಅಪ್ಪ. ಬೇಡ ಅಂದೆ. ಬಂದಾಗ ಹುಲ್ಲಲ್ಲಿ ಮುಚ್ಚಿಕೊಂಡು ಬಂದೆ. ಹೋಗುವಾಗ ಸಂತೆಯ ನಡುವೆಯೇ ಹೋಗುತ್ತೇನೆ ಅಂದೆ. ಹೆಂಗಸರೆಲ್ಲ ಒಂದೊಂದು ಹೊತ್ತುಕೊಂಡರು. ಎಲ್ಲ ಎತ್ತಿಕೊಂಡ ಮೇಲೂ ಒಂದು ಗಡಿಗೆ ಉಳಿಯಿತು, ದೊಡ್ಡದು. ನಾನು ಬಗ್ಗಿದೆ. ನಮ್ಮನೆಯವರು ನನಗಿಂತ ಮೊದಲು ಬಗ್ಗಿದರು. ಟೋಪಿ ತೆಗೆದು ಜೇಬಿಗೆ ಹಾಕಿಕೊಂಡು, ಸಿಂಬಿ ಸುತ್ತಿಕೊಳ್ಳಲು ಬಾರದೆ ಒದ್ದಾಡಿ, ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡರು. ಗಂಡಸು ತಲೆಯ ಮೇಲೆ ಗಡಿಗೆ ಹೊತ್ತು ಸಂತೆಯಲ್ಲಿ ನಡೆದದ್ದನ್ನು ನೀನು ಕಂಡಿದ್ದೀಯಾ? ಚಹಾ ಅಂಗಡಿಯವರು ಎದ್ದು ನಿಂತರು. ಮುಖಂಡರ ಚಾಪೆಯ ಮುಂದೆ ಹಾದು ಹೋಗುವಾಗ ಎರಡೂ ಕೈಯಲ್ಲಿ ಗಡಿಗೆ ಹಿಡಿದು, ಕುತ್ತಿಗೆ ಬಿಗಿದು, ಗಡಿಗೆಯ ಎಣ್ಣೆ ಹಣೆಗೆ ಮೆತ್ತಿದ್ದರೂ ನೇರ ನೋಡುತ್ತ ನಡೆದರು. ನಾನು ಬರಿಗೈಯಲ್ಲಿ ಅವರ ಮುಂದೆ ನಡೆದೆ.

ತಲಾತು